ಸೀಮೆಸುಣ್ಣದ ಮೀನು

ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಟುಬಿಟ್ರೆ ಮುಗೀತಾ ಖಾಂಗಣ್ಣ? ಹದಿನೆಂಟು ವರ್ಷ! ಹದಿನೆಂಟು ವರ್ಷದ ಸಂಬಂಧ, ಬೆರಳುದ್ದದ ಒಂದು ಚೂರು ವಾಪಸ್ ಕೊಟ್ಟಲ್ಲಿಗೆ ತೀರಿಹೋಯ್ತಾ? ಇಲ್ಲ ಇಲ್ಲ, ಆ ಶಟರ್‌ಗೆ ಕೈ ಹಾಕಬೇಡಿ. ಕೂತ್ಕೊಳ್ಳಿ. ನಿಮ್ಮ ಸ್ಟೂಲಲ್ಲೇ ಕೂತ್ಕೊಳ್ಳಿ, ನಿನ್ನೆ ನೀವು ಎದ್ದುಹೋದ ಮೇಲೆ ಅದರ ಮೇಲೆ ಯಾರನ್ನೂ ಕೂರಿಸಿಲ್ಲ ನಾನು. ಬಾಗಿಲು ತೆಗೆಯೋಕೆ ಇನ್ನೂ ಅರ್ಧ ಗಂಟೆ ಇದೆ. ಅರ್ಧ ಗಂಟೆ ನನ್ನ ಮಾತು ಕೇಳಿದ್ರೆ ನಿಮ್ಮ ಗಂಟೇನೂ ಹೋಗಲ್ಲ.

ಏನು, ಹಂಗೆ ನೋಡ್ತೀರಾ? ಕಣ್ಣಾ? ಈರುಳ್ಳಿ ಹೆಚ್ತಿದ್ದೆ, ಅಷ್ಟೇ. ನಾನ್ಯಾಕೆ ಅಳಲಿ? ಅಳೋ ಕೆಲಸ ನಾನು ಮಾಡಿಲ್ಲ. ಮಾಡಿದವರು ನೀವು.

ಹೌದು, ನೀವೇ! ತಲೆ ತಗ್ಗಿಸಿದ್ರೆ ಬಿಟ್ಬಿಡ್ತೀನಾ? ಮಧ್ಯಾಹ್ನ ಹನ್ನೆರಡು ಗಂಟೆ, ಅಂಗಡಿ ತುಂಬ ಜನ, ಒಳಗೆ ಎಣ್ಣೇಲಿ ತೋಫು ಚಟಪಟ ಅಂತಿದೆ, ನಾನು ಎರಡೂ ಕೈಲಿ ಎಂಟು ಲೋಟ ಬಿಯರ್ ಹಿಡ್ಕೊಂಡು ಬರ್ತಿದೀನಿ... ನೀವು ಎದ್ದು ನಿಂತ್ರಿ. ಮೂತ್ರಕ್ಕೆ ಹೋಗ್ತಾರೇನೋ ಅಂದ್ಕೊಂಡೆ. ಗೋಡೆಯ ಕರಿಹಲಗೆ ಹತ್ರ ಹೋದ್ರಿ. ಹೆಬ್ಬೆರಳು ಎತ್ತಿ, ಎಲ್ಲರೆದುರಿಗೆ, ಮೀನಿನ ಕಣ್ಣು ಉಜ್ಜಿ ಹಾಕಿಬಿಟ್ರಿ! ಉಜ್ಜಿದ ಬೆರಳನ್ನ ಪ್ಯಾಂಟಿಗೆ ಒರೆಸ್ಕೊಂಡು, ನಿಮ್ಮ ಜೊತೆ ಬಂದಿದ್ದ ಆ ಮುದುಕರ ಕೈ ಹಿಡ್ಕೊಂಡು, ರಸ್ತೆ ದಾಟಿ... ಎಲ್ಲಿಗೆ? ಎದುರಂಗಡಿಗೆ! ಆ ಲ್ವೆನ್ ಅನ್ನೋಳ ಅಂಗಡಿಗೆ! ಸತ್ತುಹೋಗಿಬಿಡೋಣ ಅನ್ನಿಸ್ತು ಅಣ್ಣ ನನಗೆ. ಲೋಟ ಕೈಯಲ್ಲೇ ಇದೆ, ಯಾರಿಗೆ ಕೊಡಬೇಕಿತ್ತು ಅನ್ನೋದೇ ಮರೆತುಹೋಯ್ತು. ಆಮೇಲೆ ಒಬ್ಬೊಬ್ಬರಾಗಿ ಎದ್ರು. ಅರ್ಧ ಲೋಟ ಬಿಟ್ಟು ಎದ್ರು. ಆ ಬೀಗ ರಿಪೇರಿಯವನು, ದಿನಾ ಆರು ಲೋಟ ಕುಡಿಯೋನು, ಅವನೂ ಲೋಟ ಮೂಸಿ ನೋಡಿ ಎದ್ದ. ಮೂಸೋದು ಅವನಿಗೆ ಯಾವಾಗಿಂದ ಬಂತೋ!

ಹೊಟ್ಟೆ ಉರಿಯೋದು ಅದಕ್ಕಲ್ಲ. ಬೇರೆ ಯಾರೇ ಅಳಿಸಿದ್ರೂ ನಾಲ್ಕು ಬೈದು ಮತ್ತೆ ಬರೆಸ್ಕೊಳ್ತಿದ್ದೆ. ಆದ್ರೆ ಆ ಮೀನು ನಿಮ್ಮದು. ನಿಮ್ಮ ಕೈಯಿಂದಲೇ ಹುಟ್ಟಿದ್ದು.

ನೆನಪಿದೆಯಾ, ನಮ್ಮೆಜಮಾನ್ರು ಆ ಹಲಗೆ ತಂದ ದಿನ? ಯಾವುದೋ ಶಾಲೆಯವರು ಎಸೆದಿದ್ದು, ಸೈಕಲ್ ಹಿಂದೆ ಕಟ್ಕೊಂಡು ಬಂದಿದ್ರು. ನಾನು ಬೈದೆ, ಈ ಗುಜರಿ ಯಾಕ್ರೀ ಅಂತ. ಅವರು ಹೇಳಿದ್ದು ಈಗಲೂ ಕಿವೀಲಿದೆ. "ಬಾಟ್ಲಿ ಬಿಯರಿಗಾದ್ರೆ ತಾರೀಕು ಹೊಡೆದಿರ್ತಾರೆ ಥೋವಾ, ಕನ್ನಡಕ ಹಾಕ್ಕೊಂಡು ಓದ್ಕೊಬಹುದು. ಪೀಪಾಯಿ ಬಿಯರಿಗೆ ಏನಿದೆ? ಬೆಳಿಗ್ಗೆ ಬಂದದ್ದು ಸಂಜೆಗೆ ಮುಗೀಬೇಕು, ಮಾರನೇ ದಿನಕ್ಕೆ ಅದು ಕಲಗಚ್ಚು. ಕುಡಿಯೋನಿಗೆ ಗೊತ್ತಾಗೋದು ಹೇಗೆ?" ನಾನೇ ದಿನಾ ಬರೀತೀನಿ ಬಿಡಿ ಅಂದೆ. ನಕ್ಕುಬಿಟ್ರು. "ಮಾರೋಳು ಬರೆದ್ರೆ ಯಾರು ನಂಬ್ತಾರೆ ಹುಚ್ಚಿ? ಕುಡಿಯೋನು ಬರೀಬೇಕು."

ಕುಡಿಯೋರಲ್ಲಿ ಯಾರು? ಇನ್ಯಾರು! ಮೂವತ್ತೊಂದು ವರ್ಷ ಬಿಯರ್ ಕಾರ್ಖಾನೆಯ ನೆಲಮಾಳಿಗೇಲಿ ಕೊಳಗ ಹಿಡಿದು ರುಚಿ ನೋಡಿದ ಖಾಂಗ್. ಲೋಟ ಮೂಗಿನ ಹತ್ರ ತಂದ್ರೆ ಸಾಕು, ಪೀಪಾಯಿ ಎಷ್ಟು ಹೊತ್ತಿಗೆ ತುಂಬಿಸಿದ್ದು, ದಾರೀಲಿ ಬಿಸಿಲಿಗೆ ಬಿದ್ದಿತ್ತಾ ಇಲ್ವಾ, ಎಲ್ಲ ಹೇಳೋ ಖಾಂಗ್! ನಿಮ್ಮ ಅಕ್ಷರ ಕೋಳಿ ಕೆದರಿದ ಹಾಗೆ, ಅದಕ್ಕೆ ಅಕ್ಷರ ಬೇಡ ಅಂತ ಮೀನು ಬರೆದ್ರಿ. ಇವತ್ತಿನ ಪೀಪಾಯಿ ಆದ್ರೆ ಮೀನಿಗೆ ಕಣ್ಣು. ನಿನ್ನೇದು ಉಳಿದಿದ್ರೆ ಕಣ್ಣಿಲ್ಲದ ಮೀನು, ಅದನ್ನ ಬಿಯರಲ್ಲಿ ಬಸವನಹುಳು ಬೇಯಿಸಿ ಮಾರೋ ಹೆಂಗಸರು ಅರ್ಧ ಬೆಲೆಗೆ ಒಯ್ತಿದ್ರು. ಇಡೀ ಓಣಿಗೆ ಓಣಿಯೇ ಅದನ್ನ ಕಲಿತುಬಿಡ್ತು. "ಥೋವಾ, ಮೀನು ಕಣ್ಣು ಬಿಡ್ತಾ?" ಅಂತ ಕೂಗ್ಕೊಂಡೇ ಬರೋರು. ಒಬ್ಬ ಬಡಪಾಯಿ ಹೊಸಬ ಹಲಗೆ ನೋಡಿ, ಎರಡು ಮೀನು ಹುರಿದು ಕೊಡಿ ಅಂದಿದ್ದ, ಜ್ಞಾಪಕ ಇದೆಯಾ? ನಮ್ಮನೆಯವರು ಹೊಟ್ಟೆ ಹಿಡ್ಕೊಂಡು...

ನಕ್ಕುಬಿಡಿ, ಪರವಾಗಿಲ್ಲ. ಆ ಹಾಳು ಮುಖದಲ್ಲಿ ಸ್ವಲ್ಪ ನಗು ಬಂದ್ರೆ ನಂಗೂ ಉಸಿರು ಬರುತ್ತೆ. ಬರಲ್ವಾ? ಸರಿ.

ಸಾಯೋ ಮುಂಚೆ ಆಸ್ಪತ್ರೇಲಿ ನಮ್ಮೆಜಮಾನ್ರು ನಿಮ್ಮ ಕೈ ಹಿಡ್ಕೊಂಡು ಏನು ಕೇಳಿದ್ರು? ಇವಳನ್ನ ನೋಡ್ಕೋ ಅಂದ್ರಾ? ಇಲ್ಲ. "ಹಲಗೆ ನೋಡ್ಕೋ" ಅಂದ್ರು. ಪಕ್ಕದಲ್ಲೇ ಗಂಜಿ ಹಿಡ್ಕೊಂಡು ನಿಂತಿದ್ದೆ ನಾನು, ನನ್ನ ಹೆಸರೇ ಇಲ್ಲ! ಆದ್ರೂ ಸಂತೋಷಪಟ್ಟೆ. ಖಾಂಗಣ್ಣ ಇರೋ ತನಕ ನನ್ನ ಅಂಗಡಿಗೆ ಯಾರೂ ಏನೂ ಮಾಡೋಕಾಗಲ್ಲ ಅಂತ.

ಅಂಥವರು ನೀವು, ಹೋಗಿ ಹೋಗಿ ಅವಳ ಅಂಗಡೀಲಿ ಕೂತ್ರಿ! ಏನಿದೆ ಅಲ್ಲಿ? ಹೇಳಿ ನೋಡೋಣ. ಪೀಪಾಯಿಗಳನ್ನ ಮದುಮಗಳ ಹಾಗೆ ಮುಂದೆ ಸಾಲಾಗಿ ನಿಲ್ಲಿಸಿದಾಳೆ. ಕಾರ್ಖಾನೆಯವರು ದಿನಾ ಸರಕಿನ ಜೊತೆ ಕೊಡೋ ಚೀಟಿಗೆ ಮುದ್ರೆ ಸಮೇತ ಕ್ಲಿಪ್ಪು ಹಾಕಿ ಪೀಪಾಯಿ ಕೊರಳಿಗೆ ನೇತು ಹಾಕಿದಾಳೆ. ಯಾರು ಬೇಕಾದ್ರೂ ಮುಟ್ಟಿ ನೋಡಬಹುದಂತೆ! ಮೊದಲು ಔಷಧಿ ಮುಚ್ಚಳದಷ್ಟು ಲೋಟದಲ್ಲಿ ಒಂದು ಗುಟುಕು ಕೊಡ್ತಾಳೆ, ಇಷ್ಟ ಆದ್ರೆ ಕೂತ್ಕೊಳ್ಳಿ ಅಂತ. ಸಂಜೆ ಉಳಿದದ್ದನ್ನ ಎಲ್ಲರೆದುರಿಗೆ ಚರಂಡಿಗೆ ಸುರೀತಾಳೆ, ಜನ ಚಪ್ಪಾಳೆ ಹೊಡೀತಾರೆ. ಅಯ್ಯೋ, ನಾಟಕ! ಚರಂಡಿಗೆ ಸುರಿಯೋಕೆ ಅವಳಪ್ಪ ಕಬ್ಬಿಣದ ವ್ಯಾಪಾರಿ. ನನಗ್ಯಾರಿದಾರೆ? ಅವಳು ಬಂದ ಮೇಲೆ ನನಗೆ ದಿನಕ್ಕೆ ಒಂದು ಪೀಪಾಯಿ, ಒಂದೊಂದ್ಸಲ ಒಂದೂವರೆ, ಹಾಗೇ ಉಳಿಯುತ್ತೆ. ಕಡಿಮೆ ತರಿಸೋಣ ಅಂದ್ರೆ, ಒಂದ್ಸಲ ಕಡಿಮೆ ಮಾಡಿದೋರಿಗೆ ಕಾರ್ಖಾನೆಯವರು ಬೇಸಿಗೇಲಿ ಕೇಳಿದ್ರೂ ಜಾಸ್ತಿ ಕೊಡಲ್ಲ. ಹಾಗಂತ ನಾನು ಏನಾದ್ರೂ...

ಏನಿಲ್ಲ. ಉಳಿದದ್ದನ್ನ ಬಸವನಹುಳು ಹೆಂಗಸರಿಗೆ ಕೊಡ್ತೀನಿ. ಈಗಲೂ ಅವರೇ ತಗೊಳ್ಳೋದು. ಆ ಹೆಂಗಸು... ಮೂಲೇಲಿ ಕೂರೋಳು... ಹೋದ ವರ್ಷ ಮಗಳ ಮನೆಗೆ ಹೋದಳು, ನಿಜ. ಬೇರೆಯವರಿದಾರಲ್ಲ! ಏನಣ್ಣ ನೀವು, ಪೊಲೀಸಿನ ಹಾಗೆ ನೋಡ್ತೀರಾ?

ನೋಡಿ, ಇದನ್ನ ಎತ್ತಬಾರದು ಅಂದ್ಕೊಂಡಿದ್ದೆ. ಆದ್ರೆ ನೀವು ಇಷ್ಟು ಮಾಡಿದ ಮೇಲೆ ನಾನ್ಯಾಕೆ ಸುಮ್ಮನಿರಲಿ? ಹದಿನಾಲ್ಕು ತಿಂಗಳ ಹಿಂದೆ, ಜ್ವರ ಬಂದು ಎದ್ದ ಮೇಲೆ, ಈ ಅಡುಗೆಮನೆಗೆ ಬಂದು ಆ ಗೋಣಿಚೀಲದ ಮೇಲೆ ಕೂತ್ರಲ್ಲ, ಯಾರು? ಮೀನಿನ ಸಾಸ್ ಬಾಟ್ಲಿಯನ್ನ ಮೂಗಿಗೆ ಒತ್ತಿ ಹಿಡ್ಕೊಂಡು "ಏನೂ ಬರ್ತಿಲ್ಲ ಥೋವಾ, ಏನೂ ಬರ್ತಿಲ್ಲ" ಅಂತ ಚಿಕ್ಕ ಮಗು ಹಾಗೆ ಅತ್ತೋರು ಯಾರು? ಮೂಗೂ ಹೋಗಿತ್ತು, ನಾಲಿಗೇನೂ ಹೋಗಿತ್ತು. ಉಪ್ಪು ಹಾಕಿದ್ರೂ ಒಂದೇ, ಸಕ್ಕರೆ ಹಾಕಿದ್ರೂ ಒಂದೇ. ಹಲಗೆ ಬೇರೆ ಯಾರಿಗಾದ್ರೂ ಕೊಟ್ಬಿಡು ಅಂದ್ರಿ. ನಾನು ಕೊಟ್ನಾ? ಹೇಳಿ, ಕೊಟ್ನಾ? ಹೊರಗೆ ಗೊತ್ತಾದ್ರೆ ನಿಮ್ಮನ್ನ ಯಾರು ಕೇಳ್ತಾರೆ ಅಂತ ನನ್ನ ಕರುಳು ಕಿತ್ತು ಬಂತು. ನಾನೇ ಹೇಳಿದೆ: "ಅಣ್ಣ, ನಾನು ಪರದೆ ಹಿಂದೆ ಒಂದು ಗುಟುಕು ಕುಡೀತೀನಿ. ಚೆನ್ನಾಗಿದ್ರೆ ತಲೆ ಆಡಿಸ್ತೀನಿ. ನೀವು ಹೊರಗೆ ಲೋಟ ಎತ್ತಿ, ಮೂಸಿದ ಹಾಗೆ ಮಾಡಿ, ಮೀನಿಗೆ ಕಣ್ಣಿಡಿ. ಒಂದು ನೊಣಕ್ಕೂ ಗೊತ್ತಾಗಲ್ಲ." ನಿಮ್ಮ ಮೂಗು ನಾನಾದೆ, ನಾಲಿಗೆ ನಾನಾದೆ. ಹದಿನಾಲ್ಕು ತಿಂಗಳು ನಿಮ್ಮ ಸೊಸೆಗೂ ಬಾಯಿ ಬಿಟ್ಟಿಲ್ಲ ನಾನು. ಅಷ್ಟು ಕಾಪಾಡಿದೋಳಿಗೆ ನೀವು ಕೊಟ್ಟ ಉಡುಗೊರೆ, ನಿನ್ನೆ ಮಧ್ಯಾಹ್ನ!

ಆ ಮುದುಕರು ಬಂದದ್ದೇ ಬಂತು, ಶನಿ ಹೆಗಲೇರಿದ ಹಾಗೆ. ಗೊತ್ತು, ಗೊತ್ತು, ನಿಮ್ಮ ಗುರುಗಳು. ದಾಮ್ ಮೇಸ್ತ್ರಿ. ನೆಲಮಾಳಿಗೇಲಿ ನಿಮಗೆ ಕೊಳಗ ಹಿಡಿಯೋಕೆ ಕಲಿಸಿದೋರು. ಎಂಬತ್ತೆರಡನೇ ವಯಸ್ಸಲ್ಲಿ, ಮೊಮ್ಮಗಳ ಮದುವೆ ಅಂತ ಹೈಫಾಂಗ್ ಊರಿಂದ ಬಂದಿದ್ರು. ನೀವು ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ್ರಿ. "ಥೋವಾ, ಇವತ್ತು ನನ್ನ ಹಲಗೆ ಕೆಳಗೆ ನನ್ನ ಗುರುಗಳನ್ನ ಕೂರಿಸ್ತೀನಿ, ಒಳ್ಳೇದನ್ನ ಕೊಡು" ಅಂದ್ರಿ. ಎಂದೂ ಹಾಗೆ ಬಾಯಿಬಿಟ್ಟು ಕೇಳಿದವರಲ್ಲ ನೀವು. ನಾನು ಒಳಗೆ ಹೋಗಿ... ಕುಡಿದು... ತಲೆ ಆಡಿಸಿದೆ. ನೀವು ಮೀನಿಗೆ ಎಷ್ಟು ದೊಡ್ಡ ಕಣ್ಣು ಇಟ್ರಿ ಅಂದ್ರೆ, ಮೀನೇ ಬೆಚ್ಚಿದ ಹಾಗಿತ್ತು.

ಅವರು ಒಂದು ಗುಟುಕು ಕುಡಿದ್ರು. ಒಂದೇ. ಲೋಟ ಕೆಳಗಿಟ್ರು. ಹಲಗೆ ನೋಡಿದ್ರು, ನಿಮ್ಮನ್ನ ನೋಡಿದ್ರು. ಏನಂದ್ರು ಅಂತ ನನಗೆ ಕೇಳಿಸಲಿಲ್ಲ ಅಂದ್ಕೊಂಡ್ರಾ? ಕೇಳಿಸ್ತು. "ಖಾಂಗ್, ನಿನಗೆ ವಯಸ್ಸಾಯ್ತಪ್ಪ." ಅಷ್ಟೇ. ಬೈಲಿಲ್ಲ. ನಿಮ್ಮ ಮಂಡಿ ತಟ್ಟಿದ್ರು.

ಅಣ್ಣ... ಅಣ್ಣ, ಹಾಗೆ ಮುಖ ಆ ಕಡೆ ತಿರುಗಿಸಬೇಡಿ. ಕೇಳೋಕೆ ನನಗೂ ಕಷ್ಟ ಆಯ್ತು. ಆದ್ರೆ ನೀವೇ ಯೋಚನೆ ಮಾಡಿ. ಎಂಬತ್ತೆರಡು ವರ್ಷದ ಮುದುಕರು, ಬಸ್ಸಲ್ಲಿ ಬಂದಿದಾರೆ, ಯಾವ ಮಾತ್ರೆ ನುಂಗಿದಾರೋ ಏನೋ! ಅವರ ನಾಲಿಗೇನೇ ಕೆಟ್ಟಿರಬಹುದಲ್ಲ? ಅವರ ಒಂದು ಗುಟುಕು ನಿಜ, ನನ್ನ ಹದಿನಾಲ್ಕು ತಿಂಗಳ ಗುಟುಕು ಸುಳ್ಳಾ? ಒಳಗೆ ಬಂದು "ಏನೇ ಥೋವಾ ಇದು?" ಅಂತ ಒಂದು ಮಾತು ಕೇಳಬಹುದಿತ್ತಲ್ಲ? ಕೇಳಿದ್ರೆ ಹೇಳ್ತಿದ್ದೆ ನಾನು. ನೆಟ್ಟಗೆ ಹೆಬ್ಬೆರಳು ಎತ್ತಿದ್ರಿ! ನಂಬಿಸಿ ಕತ್ತು ಕುಯ್ಯೋದು ಅಂದ್ರೆ ಇದೇ.

ಹೋಗಲಿ ಬಿಡಿ. ಆಗಿದ್ದು ಆಯ್ತು. ನಾನು ಮನಸ್ಸಲ್ಲಿ ಇಟ್ಕೊಳ್ಳೋಳಲ್ಲ. ಇಗೋ, ಸೀಮೆಸುಣ್ಣ ತಗೊಳ್ಳಿ. ಇವತ್ತಿನ ಪೀಪಾಯಿ ಬಂದಿದೆ, ಬೆಳಿಗ್ಗೆ ಆರಕ್ಕೇ ಬಂತು. ನೀವೊಂದು ಮೀನು ಬರೆದು ಕಣ್ಣಿಟ್ರೆ, ನಿನ್ನೆದು ಏನೋ ತಪ್ಪು ತಿಳುವಳಿಕೆ ಅಂತ ಜನ ಮರೆತುಬಿಡ್ತಾರೆ. ಬರೀಲಿಲ್ಲ ಅಂದ್ರೆ... ಈ ಅಂಗಡಿ ಇವತ್ತಿಗೇ ಮುಗೀತು ಅಣ್ಣ. ಸುಳ್ಳು ಹೇಳ್ತಿಲ್ಲ. ಈ ಮೂವತ್ತು ಸ್ಟೂಲು, ಈ ಒಲೆ, ಎಲ್ಲ ಗುಜರಿ. ನನಗೆ ಇದು ಬಿಟ್ಟು ಇನ್ನೇನೂ ಬರಲ್ಲ. ನಮ್ಮೆಜಮಾನ್ರ ಹಲಗೆ ಅಣ್ಣ, ಅವರ ಮುಖ ನೋಡಿಯಾದ್ರೂ ಬರೀರಿ.

ನನ್ನ ತಲೆ ಆಡಿಸೋದು ಬೇಕಾ? ಕುಡಿದೆ, ಆಗಲೇ ಕುಡಿದೆ, ನೀವು ಬರೋ ಮುಂಚೆ. ಬಹಳ ಚೆನ್ನಾಗಿದೆ. ನೋಡಿ, ಆಡಿಸ್ತಿದೀನಿ.

ಎಲ್ಲಿಗೆ ಎದ್ರಿ? ಆ ಕಡೆ ಯಾಕೆ? ಪೀಪಾಯಿ ಹತ್ರ ನೀರು ಚೆಲ್ಲಿದೆ, ಜಾರ್ತೀರಾ! ಗೋಣಿ ಒದ್ದೆ ಇದೆ, ಹೌದು... ಐಸು ಕರಗಿದ್ದು. ರಾತ್ರಿಯ ಐ... ಬೆಳಗಿನ ಐಸು! ಬೆಳಿಗ್ಗೆ ಹಾಕಿದ್ದು, ಈ ಸೆಕೆಗೆ ಕರಗದೆ ಇರುತ್ತಾ? ಚೀಟಿ ಎಲ್ಲಿ ಅಂತ ಹುಡುಕ್ತೀರಾ? ನನ್ನ ಅಂಗಡೀಲಿ ಚೀಟಿ ಯಾವತ್ತು ನೇತು ಹಾಕಿದ್ದೆ, ನಾನೇನು ಲ್ವೆನ್ನಾ?

ನೀವ್ಯಾಕೆ ಬಗ್ಗಿಸ್ತೀರಾ, ಕೊಡಿ, ನಾನು ಬಗ್ಗಿಸ್ತೀನಿ. ಕೊಡಿ ಅಂದೆ! ಹಾಗೆ ಲೋಟದ ಗೋಡೆಗೆ ಹಚ್ಚಿ ನಿಧಾನಕ್ಕೆ ಬಿಟ್ರೆ ನೊರೆ ಎಲ್ಲಿಂದ ಬರುತ್ತೆ? ಮೇಲಿಂದ ಸುರೀಬೇಕು. ನಾನು ಯಾವಾಗಲೂ ಎತ್ತರದಿಂದ ತಾನೇ ಸುರಿಯೋದು... ಹೂಂ, ನೀವು ಹೇಳಿಕೊಟ್ಟಿದ್ರಿ, ಗೊತ್ತು, ಎತ್ತರದಿಂದ ಸುರಿದ್ರೆ ಸತ್ತ ಬಿಯರೂ ನೊರೆ ಉಗುಳುತ್ತೆ ಅಂತ. ನಾನು ಅದಕ್ಕಲ್ಲ ಅಣ್ಣ. ಅಭ್ಯಾಸ. ನೋಡಿ, ಸ್ವಲ್ಪ ಇದೆಯಲ್ಲ ನೊರೆ. ಇತ್ತು. ಈಗ ಇತ್ತು.

ಕುಡೀರಿ, ಬೇಕಾದ್ರೆ ಕುಡೀರಿ, ನಿಮಗೆ ಹೇಗೂ...

ಎಲ್ಲಿಗೆ ತಗೊಂಡು ಹೋಗ್ತಿದೀರಾ ಅದನ್ನ?

ನಮ್ಮೆಜಮಾನ್ರ ಫೋಟೋ ಹತ್ರ ಯಾಕೆ? ಅಲ್ಲಿ ಇದೆ ನೋಡಿ, ಚಹಾ ಇಟ್ಟಿದೀನಿ, ಊದುಬತ್ತಿ ಹಚ್ಚಿದೀನಿ. ದಿನಾ ಮೊದಲನೇ ಲೋಟ ಅವರಿಗೇ, ಹೌದು, ಅದೇ ಪದ್ಧತಿ. ಆದ್ರೆ ಇವತ್ತು ಯಾಕೋ ತಣ್ಣಗಿರೋದು ಬೇಡ ಅನ್ನಿಸ್ತು, ಶೀತ ಅಲ್ವಾ, ಬಿಸಿಬಿಸಿ ಚಹಾ... ಆ ಚಹಾ ಬಟ್ಟಲು ಯಾಕೆ ಪಕ್ಕಕ್ಕೆ ಸರಿಸ್ತೀರಾ? ಬಿಡಿ ಅದನ್ನ. ಅಣ್ಣ, ನಿಮಗೆ ಕೈ ಮುಗೀತೀನಿ. ಬೇರೆ ಎಲ್ಲಿ ಬೇಕಾದ್ರೂ ಇಡಿ. ಅಲ್ಲಿ ಬೇಡ. ಅವರ ಮುಂದೆ ಬೇಡ!

ಇಡಬೇಡಿ ಅಂದ್ನಲ್ಲ! ನಿನ್ನೇದು ಅದು! ನಿನ್ನೇದನ್ನ ಅವರಿಗೆ ಇಡಬೇಡಿ!

...

ನಿಂತೇ ಇದೀರಲ್ಲ. ಲೋಟ ಹಿಡ್ಕೊಂಡು ಹಾಗೇ ನಿಂತಿದೀರಲ್ಲ. ಬೈರಿ. ಒಂದು ಮಾತು ಬೈದುಬಿಡಿ ಅಣ್ಣ, ಕಪಾಳಕ್ಕೆ ಬೇಕಾದ್ರೂ ಹೊಡೀರಿ, ಹೀಗೆ ಆ ಚಹಾ ಬಟ್ಟಲು ನೋಡ್ಕೊಂಡು ಸುಮ್ಮನೆ ನಿಲ್ಲಬೇಡಿ.

ಇವತ್ತಿನ ಪೀಪಾಯಿ ಒಳಗೆ ಹಾಗೇ ಇದೆ, ಮುದ್ರೆ ಒಡೆದಿಲ್ಲ. ಮೊದಲು ಉಳಿದದ್ದು ಮುಗೀಲಿ ಅಂತ... ಮೊದಲನೇ ಸಲ ಹೀಗೆ ಮಾಡಿದಾಗ ಮಳೆ ಬಂದಿತ್ತು ಅಣ್ಣ. ಮೂರು ದಿನ ಬಿಡದೆ ಮಳೆ, ಓಣಿ ತುಂಬ ನೀರು, ಒಬ್ಬ ಗಿರಾಕಿ ಇಲ್ಲ. ರಾತ್ರಿ ಐಸಲ್ಲಿ ಹೂತಿಟ್ಟೆ. ಬೆಳಿಗ್ಗೆ ನಿಜವಾಗಿ ಕುಡಿದು ನೋಡಿದೆ, ಅಷ್ಟೇನೂ ಕೆಟ್ಟಿರಲಿಲ್ಲ. ತಲೆ ಆಡಿಸಿದೆ. ನೀವು ಕಣ್ಣಿಟ್ರಿ. ಯಾರೂ ಏನೂ ಅನ್ನಲಿಲ್ಲ. ನಿಮ್ಮ ಮೀನು ಇದೆಯಲ್ಲ, ನಾಲಿಗೆಗೆ ಹುಳಿ ಅನ್ನಿಸಿದ್ರೂ ಜನ ನಿಮ್ಮ ಮೀನನ್ನೇ ನಂಬಿದ್ರು. ಆಮೇಲೆ ನಾನು ಪರದೆ ಹಿಂದೆ ಕುಡಿಯೋದೇ ಬಿಟ್ಟೆ. ಕುಡಿದ್ರೆ ಗೊತ್ತಾಗುತ್ತಲ್ಲ ಅಂತ. ಲೋಟ ತುಟಿಗೆ ತಾಗಿಸೋದು, ತಲೆ ಆಡಿಸೋದು, ಅಷ್ಟೇ. ನಮ್ಮೆಜಮಾನ್ರಿಗೆ ಮಾತ್ರ ಅದನ್ನ ಇಡೋಕೆ ನನ್ನ ಕೈ ಏಳ್ತಿರಲಿಲ್ಲ. ಅದಕ್ಕೆ ಆ ದಿನಗಳಲ್ಲಿ ಚಹಾ.

ಎಷ್ಟು ದಿನ ಅಂತ ಕೇಳ್ತಿದೀರಾ? ನನಗೆ ಗೊತ್ತಿಲ್ಲ ಅಣ್ಣ. ನಿಮಗೇ ಗೊತ್ತಿರಬೇಕು. ದಿನಾ ಅವರಿಗೆ ಊದುಬತ್ತಿ ಹಚ್ಚೋಕೆ ನೀವೇ ಬರ್ತಿದ್ರಲ್ಲ. ಚಹಾ ಇದ್ದ ದಿನಗಳೆಲ್ಲ ಈಗ ಒಂದೊಂದೇ ನೆನಪಾಗ್ತಿವೆಯಾ?

ನಿನ್ನೇನೂ ಚಹಾನೇ ಇತ್ತು. ನಿಮ್ಮ ಗುರುಗಳು ಬಂದ ದಿನ. ಇಸ್ತ್ರಿ ಅಂಗಿ ಹಾಕ್ಕೊಂಡು, ಒಳ್ಳೇದನ್ನ ಕೊಡು ಅಂತ ಕೇಳಿದ್ರಲ್ಲ ಅಣ್ಣ, ಆವತ್ತೂ ಹಿಂದಿನ ದಿನದ್ದೇ ಕೊಟ್ಟೆ ನಾನು...

ಯಾರದು ಶಟರ್ ಬಡಿಯೋದು? ಬೀಗದವನು. ಅವನದೇ ದನಿ. ನೋಡಿ, ಇಷ್ಟಾದ್ರೂ ಬಂದಿದಾನೆ. ಏನು ಕೂಗ್ತಿದಾನೆ ಕೇಳಿಸ್ತಾ? ಮೀನು ಕಣ್ಣು ಬಿಡ್ತಾ ಅಂತ.

ಸೀಮೆಸುಣ್ಣ ಇಲ್ಲೇ ಇದೆ, ನಿಮ್ಮ ಕೈ ಹತ್ರಾನೇ.

ತಗೊಳ್ಳಲ್ವಾ?

ಹೂಂ.

ಇಲ್ಲ ಕಣಪ್ಪಾ! ಕೇಳಿಸ್ತಾ? ಇವತ್ತು ಕಣ್ಣು ಬಿಟ್ಟಿಲ್ಲ! ಎದುರಂಗಡಿಗೆ ಹೋಗು!